ಹಂಡೆ ಒಲೆಗೊಂದು ಚಿಮಣಿ

ಓದಿದವನಿಗೆ ಊರಿನಲ್ಲಿ ಬರುವ ದೊಡ್ಡ ಕಷ್ಟವೆಂದರೆ, ಅವನು ಓದಿದ ವಿಷಯದಲ್ಲೇ ಯಾರಾದರೂ ಸಹಾಯ ಕೇಳಿಬಿಡುವುದು. ಬೇರೆ ವಿಷಯವಾದರೆ ಅದು ನನ್ನ ಲೈನಲ್ಲ ಎಂದು ಜಾರಿಕೊಳ್ಳಬಹುದು. ನನ್ನ ಲೈನು ಹೊಗೆ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ದೂರದ ಒಂದು ಸ್ಥಾವರದಲ್ಲಿ, ಚಿಮಣಿಯಿಂದ ಹೊರಬೀಳುವ ಬೂದಿ, ಗಂಧಕದ ಅನಿಲ ಎಲ್ಲ ಮಿತಿಯೊಳಗಿವೆಯೇ ಎಂದು ನೋಡುವುದು ನನ್ನ ಕೆಲಸ. ನಮ್ಮ ವಂಶದಲ್ಲಿ ಡಿಗ್ರಿಯೆಂಬುದನ್ನು ಹೊಸಿಲು ದಾಟಿಸಿ ಒಳಗೆ ತಂದ ಮೊದಲಿಗ ನಾನೇ. ಬೆಳಗ್ಗೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ, ಆಮೇಲೆ ಮುಳಬಾಗಿಲಿನ ಬಸ್ಸಿಗೆ ನೇತುಬಿದ್ದು ಸಂಪಾದಿಸಿದ್ದು. ಹೆಮ್ಮೆ ಪಡಲು ನನಗೆ ಸಂಕೋಚವಿಲ್ಲ. ಅಮ್ಮ ಆ ಡಿಗ್ರಿ ಪತ್ರಕ್ಕೆ ಕಟ್ಟು ಹಾಕಿಸಿ ಬಚ್ಚಲ ಪಕ್ಕದ ಗೋಡೆಗೆ ತಗುಲಿಹಾಕಿದ್ದಾಳೆ. ಹಂಡೆ ಒಲೆಯ ಹೊಗೆ ಕುಡಿದು ಕುಡಿದು ಅದೀಗ ಕಾಫಿ ಬಣ್ಣಕ್ಕೆ ತಿರುಗಿದೆ.

ಈ ಸಲ ರಜೆಗೆ ದೇವರಾಯಸಮುದ್ರದ ಪಕ್ಕದ ನಮ್ಮೂರಿಗೆ ಹೋದಾಗ, ಚೀಲ ಇಳಿಸುವ ಮೊದಲೇ ಪಕ್ಕದ ಮನೆಯ ಮುನಿರತ್ನ ಚಿಕ್ಕಮ್ಮ ಬಂದರು. ನಮ್ಮ ಬಚ್ಚಲಿಗೂ ಅವರ ಹುಳದ ಮನೆಗೂ ನಡುವೆ ಇರುವುದು ಒಂದು ಮೋಟು ಗೋಡೆ. ಹುಳುಗಳು ಪೊರೆ ಕಳಚುವ ಕೊನೆಯ ನಿದ್ದೆ, ಅಂದರೆ ಕೊನೆಯ ಜ್ವರ, ಎದ್ದು ಸೊಪ್ಪು ಮೇಯುತ್ತಿದ್ದವು. ಇನ್ನು ಕೆಲವೇ ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಹೊಗೆ ತಾಕಿ ಮೇವು ಬಿಟ್ಟರೆ ಚಿಕ್ಕಮ್ಮನ ಅಷ್ಟೂ ದಿನದ ದುಡಿಮೆ ತಿಪ್ಪೆಪಾಲು.

"ಏಮಯ್ಯಾ, ಅಷ್ಟು ದೊಡ್ಡ ಚಿಮಣಿ ನೋಡ್ಕೊಳ್ಳೋನು, ನಿಮ್ಮಮ್ಮನ ಒಲೆ ನೋಡ್ಕೊಳ್ಳಕ್ಕಾಗಲ್ವಾ?"

"ಉರಿಸ್ತಿರೋದು ಅವಳೇ ಕೊಟ್ಟ ಹಿಪ್ಪುನೇರಳೆ ಕಡ್ಡಿ," ಎಂದು ಅಮ್ಮ ಒಳಗಿನಿಂದ ಹೇಳಿದಳು. "ಬಿಸಿನೀರು ಬೀಳ್ದಿದ್ರೆ ನಿಮ್ಮಪ್ಪನ ಮಂಡಿ ಮಡಚಲ್ಲ. ಗೀಸರ್ ಹಾಕ್ಸಿದ್ದೀಯ, ಸರಿ. ಬೆಳಗ್ಗೆ ಕರೆಂಟು ಇರಬೇಕಲ್ಲ. ನೀನು ಮಾಡೋ ಕರೆಂಟು ಯಾರ ಸ್ನಾನಕ್ಕೆ ಹೋಗ್ತದೋ."

ಈ ಪ್ರಶ್ನೆಗೆ ನನ್ನ ಹತ್ತಿರ ಗ್ರಿಡ್ಡು, ಲೋಡು ಎಂದೆಲ್ಲ ಉದ್ದನೆಯ ಉತ್ತರವಿದೆ. ಶುರು ಮಾಡಿದೆ. ಅಮ್ಮ ಅಪ್ಪನ ಮಂಡಿಗೆ ಎಣ್ಣೆ ತಿಕ್ಕಲು ಎದ್ದುಹೋದಳು.

ಹೊಗೆಯ ಕಾಟಕ್ಕೆ ನಮ್ಮ ಕಸುಬಿನಲ್ಲಿ ಹಳೆಯ ಪರಿಹಾರವೊಂದಿದೆ: ಚಿಮಣಿ ಎತ್ತರಿಸುವುದು. ಮೇಲೆ ಹೋದಷ್ಟೂ ಹೊಗೆ ಹರಡಿ ತೆಳುವಾಗುತ್ತದೆ. ಮುಳಬಾಗಿಲಿನಿಂದ ತಗಡಿನ ಕೊಳವೆ ತಂದೆ. ಚಿಕ್ಕಮ್ಮ ಏಣಿ ಹಿಡಿದುಕೊಂಡರು, ನಾನು ಬಿದಿರಿಗೆ ಬಿಗಿದು ನಿಲ್ಲಿಸಿದೆ. ಮಾರನೆಯ ಬೆಳಗ್ಗೆ ಹೊಗೆ ಹುಳದ ಮನೆಯ ಹೆಂಚನ್ನು ಮುಟ್ಟದೆ ದಾಟಿಹೋಯಿತು. ಓದು ಸಾರ್ಥಕವಾಯಿತೆಂದು ಕಾಫಿ ಲೋಟ ಹಿಡಿದು ಅಂಗಳದಲ್ಲಿ ನಿಂತೆ. ಕಾಫಿ ಮುಗಿಯುವ ಮೊದಲೇ ಹಿಂದಿನ ಬೀದಿಯ ವೆಂಕಟೇಶ ಮಾವ, ಮಸಿ ಕೂತ ಬಿಳಿ ಪಂಚೆಯನ್ನು ಕೈಯಲ್ಲಿ ಹಿಡಿದು ಬಂದರು.

"ಏನ್ಲಾ, ಅವಳ ಮನೆಗೆ ಹೋಗ್ತಿದ್ದ ಹೊಗೇನ ನನ್ನ ಮನೆಗೆ ಟ್ರಾನ್ಸ್‌ಫರ್ ಮಾಡ್ಸಿದ್ದೀಯಾ?"

"ಅಲ್ಲಿಗೆ ಬರೋ ಹೊತ್ತಿಗೆ ತೆಳುವಾಗಿರುತ್ತೆ ಮಾವ."

"ನಿಮ್ಮತ್ತೆ ಕೆಮ್ತಾ ಇದ್ದಾಳೆ. ತೆಳುವಾಗೇ ಕೆಮ್ತಾ ಇದ್ದಾಳೆ."

ನಮ್ಮ ಸ್ಥಾವರದ ಚಿಮಣಿ ಮೋಡಕ್ಕೆ ತಾಗುವಷ್ಟಿದೆ. ಅದರ ಬಾಯಿಂದ ಏನು ಹೊರಟಿತೆಂದು ಪರದೆಯ ಮೇಲೆ ನೋಡುತ್ತೇನೆಯೇ ಹೊರತು, ಅದು ಯಾವ ಮಾವನ ಪಂಚೆಯ ಮೇಲೆ ಇಳಿಯಿತೆಂದು ಯೋಚಿಸಿದ್ದಿಲ್ಲ. ಅಂದು ಯೋಚಿಸಿದೆ. ಯಾಕೋ ಕಾಫಿ ರುಚಿಸಲಿಲ್ಲ.

ಕೊನೆಗೆ ಅಪ್ಪನೇ ಇತ್ಯರ್ಥ ಮಾಡಿದ: "ಹುಳ ಗೂಡು ಕಟ್ಟೋವರೆಗೂ ಒಲೆ ಬೇಡ. ನನ್ನ ಮಂಡಿ ಎಲ್ಲೂ ಓಡಿಹೋಗಲ್ಲ." ಅಂದಿನಿಂದ ಕರೆಂಟು ಬಂದ ಹೊತ್ತೇ ನಮ್ಮ ಮನೆಯ ಸ್ನಾನದ ಹೊತ್ತಾಯಿತು.

ನಾನು ಹೊರಡುವ ದಿನ ಬಚ್ಚಲಲ್ಲಿದ್ದಾಗ ಗೋಡೆಯಾಚೆಯಿಂದ ಚಿಕ್ಕಮ್ಮನ ಕೂಗು ಕೇಳಿತು: "ಗೂಡು ಕಟ್ತಾ ಅವೆ ಕಣೋ, ಒಂದೂ ಕೆಟ್ಟಿಲ್ಲ." ಅದೇ ಹೊತ್ತಿಗೆ ಕರೆಂಟು ಹೋಯಿತು. ಮೋಟರೂ ನಿಂತು ನಲ್ಲಿ ಬುಸುಗುಟ್ಟಿತು. ಅಮ್ಮ ಬಾಗಿಲ ಸಂದಿಯಿಂದ ಮೊಬೈಲು ಕೊಟ್ಟಳು. ಸ್ಥಾವರದಿಂದ ನನ್ನ ಸಹೋದ್ಯೋಗಿ.

"ಸಾರ್, ಯೂನಿಟ್ಟು ಫುಲ್ ಲೋಡಲ್ಲಿ ಓಡ್ತಿದೆ. ಹೊಗೆನೂ ಮಿತಿಯೊಳಗೇ ಇದೆ. ನೀವು ನಿಧಾನವಾಗಿ ಬನ್ನಿ."

ಬಹಳ ಸಂತೋಷ ಎಂದೆ. ನಿಧಾನವಾಗಿಯೇ ಹೋಗಬೇಕಿತ್ತು, ಮೈತುಂಬ ಸೋಪಿತ್ತು.