ಪಕ್ಕದ ಮನೆಯ ಕೆಮ್ಮು

ಕಥೆ ಬರೆಯುವವನ ಪಕ್ಕದ ಮನೆಯಲ್ಲಿ ವಾಸ ಮಾಡುವುದು ಒಳ್ಳೆಯದಲ್ಲ. ಪಕ್ಕದವರಿಗೂ ನೆಮ್ಮದಿಯಿಲ್ಲ, ಬರೆಯುವ ನನಗೂ ಇಲ್ಲ. ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ.

ವಾಸನೆ

"ನಿಮ್ಮ ಕಥೆಯಲ್ಲಿ ವಾಸನೆಯಿಲ್ಲ, ಸದ್ದಿಲ್ಲ. ಓದುವವರ ಮೂಗಿಗೆ ಬಡಿಯಬೇಕು" ಎಂದರು ಪತ್ರಿಕೆಯ ಸಂಪಾದಕರು. ಸರಿ ಎಂದು ರಾಮನಗರದ ರೇಷ್ಮೆ ರೀಲಿಂಗ್ ಮನೆಯೊಂದಕ್ಕೆ ಹೋಗಿ, ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳುಗಳ ನಾತವನ್ನು ಪುಟಗಟ್ಟಲೆ ಬರೆದು ಕಳಿಸಿದೆ. ಅವರು ಅದನ್ನು ಊಟದ ಡಬ್ಬಿ ಬಿಚ್ಚಿಕೊಂಡು ಓದಿದರಂತೆ. ಫೋನ್ ಮಾಡಿ, "ಚೆನ್ನಾಗಿದೆ. ಮುಂದಿನ ಸಲ ಸದ್ದು ಮಾತ್ರ ಸಾಕು" ಎಂದರು.

ಸದ್ದು

ಸದ್ದಿಗಾಗಿ ನಾನು ಎಲ್ಲಿಗೂ ಹೋಗಬೇಕಿರಲಿಲ್ಲ. ಚನ್ನಪಟ್ಟಣದಲ್ಲಿ ನಮಗೂ ಪಕ್ಕದ ಮನೆಗೂ ಒಂದೇ ಗೋಡೆ. ಆಚೆ ಇದ್ದವನು ಗೊಂಬೆ ಕಡೆಯುವ ಗೆಳೆಯ. ಮರದ ಪುಡಿಯೋ ಬೀಡಿಯೋ, ಅವನ ಎದೆ ಹಾಳಾಗಿತ್ತು. ಎರಡು ಚಿಕ್ಕ ಕೆಮ್ಮು, ಒಂದು ಉದ್ದದ್ದು, ಆಮೇಲೆ ಚೊಂಬಿಗೆ ಉಗಿದ ಸದ್ದು, ಕೊನೆಗೊಂದು "ಅವ್ವಾ". ಇದ್ದದ್ದನ್ನು ಇದ್ದ ಹಾಗೇ ಬರೆದೆ. ಕಥೆಯ ಕೊನೆಯಲ್ಲಿ ಕೆಮ್ಮುವವನು ಸಾಯುತ್ತಾನೆ.

ಅಚ್ಚಾದ ದಿನವೇ ಗೆಳೆಯ ಪತ್ರಿಕೆ ಹಿಡಿದು ಬಂದ. "ಏನ್ಲಾ, ನನ್ನ ಸಾಯ್ಸ್‌ಬುಟ್ಟಲ್ಲ?"

"ಅದು ಕಲ್ಪನೆ ಕಣ್ಲಾ."

"ಕೆಮ್ಮು ನಂದು, ಸಾವು ಮಾತ್ರ ಕಲ್ಪನೆಯಾ? ಬದುಕ್ಸು. ಡಾಕ್ಟ್ರು ಕೈಲಾಗಲ್ಲ ಅಂದವ್ರೆ. ನಿನ್ ಕೈಲಾಯ್ತದೆ, ಬರೀ ಪೆನ್ನಿನ ಖರ್ಚು."

ಎರಡನೇ ಭಾಗ

ಕಥೆಯಲ್ಲಿ ಅವನನ್ನು ಬದುಕಿಸಿ, ಒಂದೇ ಉಸಿರಿಗೆ ಸಾವನದುರ್ಗದ ಬೆಟ್ಟ ಹತ್ತಿಸಿದೆ. ಓದಿ ಮುಖ ಸಿಂಡರಿಸಿದ. "ಯಾರ್ ನಂಬ್ತಾರ್ಲಾ ಇದ್ನ? ಒಸಿ ಮಂಡಿ ನೋವು ಹಾಕು. ಕಾದ ಬಂಡೆ ಮ್ಯಾಲೆ ಅಂಗಾಲು ಸುಡ್ಲಿ." ಹಾಕಿದೆ. "ಹೂಂ, ಈಗ ಬದುಕಿದೀನಿ" ಎಂದು ಸಮಾಧಾನದಿಂದ ಎದ್ದು ಹೋದ.

ಅದೇ ವಾರ ತೀರಿಕೊಂಡ. ನನಗೆ ಪೆನ್ನು ಮುಟ್ಟುವುದೇ ಬೇಡವಾಯಿತು.

ಗೋಡೆ

ತಿಥಿ ಕಳೆದ ಮೇಲೆ ಅವನ ಹೆಂಡತಿ ಕರೆದರು. "ಮನೇಲಿ ಸದ್ದೇ ಇಲ್ಲ ಕಣಪ್ಪ, ನಿದ್ದೆ ಹತ್ತಲ್ಲ. ಆ ಕಥೆ ಓದು." ನಾನು ಸಾವನದುರ್ಗದ್ದನ್ನು ತೆಗೆದೆ.

"ಅದಲ್ಲ. ಕೆಮ್ಮೋದು."

ಓದಿದೆ. ಎರಡು ಚಿಕ್ಕದು, ಒಂದು ಉದ್ದದ್ದು. ಚೊಂಬಿನ ಹತ್ತಿರ ಬರುವಷ್ಟರಲ್ಲಿ ಅವರು ಖಾಲಿ ಮಂಚದ ಕಡೆ ತಿರುಗಿ ಗದರಿದರು: "ಬೀಡಿ ಬುಡು ಅಂತ ಎಷ್ಟ್ ಸಲ ಬಡ್ಕೊಳ್ಳಿ ನಾನು?"

ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ಅವರ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು ಹೇಳಿದರು:

"ಇನ್ನೊಂದ್ ಸಲ ಕೆಮ್ಮಿಸಪ್ಪ."