ಐಟಿಸ್ ಮನೆತನದವರು

ಸೇಡಂ ರಸ್ತೆಯ ಒಂದು ಖಾಸಗಿ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ನನ್ನ ಕೆಲಸ. ನಗಬೇಕೆಂದು ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಒಂದು ಪ್ರಸಂಗವನ್ನು ಮನೆಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ. ಹೋದ ವರ್ಷದವು ಬಹುಪಾಲು ಕಮಲಾಪುರದ ಅಕ್ಕನವು.

ಅಕ್ಕ ನಮ್ಮಲ್ಲಿ ನೆಲ ಒರೆಸುತ್ತಿದ್ದಳು. ದಿನಾ ಕಮಲಾಪುರದಿಂದ ಬಸ್ಸಿಗೆ ಬರುವವಳು, ಓದಿದ್ದು ಏಳನೆಯ ತರಗತಿ. ಆಗ ವಿಚಾರಣೆ ಕೌಂಟರಿನಲ್ಲಿ ಒಂದು ಜಾಗ ಖಾಲಿಯಾಯಿತು. ಚೀಟಿಯಲ್ಲಿನ ಇಂಗ್ಲಿಷ್ ಪದ ಓದಿ ರೋಗಿಗಳಿಗೆ ಸರಿಯಾದ ಖೋಲಿ ತೋರಿಸುವ ಕೆಲಸ. ಇದೊಂದು ಸಲ ಒಳಗಿನ ಕೆಲಸಗಾರರೂ ಸಂದರ್ಶನಕ್ಕೆ ಬರಬಹುದು, ಮುಂದೆ ಪದವೀಧರರಿಗಷ್ಟೇ ಎಂದು ನೋಟಿಸು ಅಂಟಿಸಿದರು. ಮಧ್ಯಾಹ್ನ ಅಕ್ಕ ಬಕೆಟ್ ಹಿಡಿದುಕೊಂಡೇ ನನ್ನ ಮೇಜಿನ ಮುಂದೆ ನಿಂತಳು.

"ಸರ್, ಬಗ್ಗಿ ಬಗ್ಗಿ ನನ್ನ ನಡ ಹೋಗ್ಯಾದ. ನನಗ ಆ ಕುರ್ಚಿ ಬೇಕಾಗ್ಯಾದ. ಇಂಗ್ಲಿಷ್ ಕಲಸ್ರಿ."

"ಸಂದರ್ಶನಕ್ಕ ಇಪ್ಪತ್ತೇ ದಿನ ಉಳದಾವಲ್ಲ?"

"ಅದಕ್ಕೇ ಇವತ್ತೇ ಬಂದೀನಿ. ನಾಳೆ ಬಂದ್ರ ಹತ್ತೊಂಬತ್ತ ಆಗ್ತಾವ."

ಅಡ್ಡಹೆಸರು

ನಾನು ನಿಘಂಟು ಹಿಡಿದು 'ಎ' ಅಕ್ಷರದಿಂದ ಶುರು ಮಾಡಿದೆ. ಮೂರು ದಿನ ಕಲಿಸಿದ್ದು ನಾಲ್ಕನೆಯ ದಿನ ಹೇಳಹೆಸರಿಲ್ಲದಂತೆ ಹೋಗಿತ್ತು. ಬೇಸತ್ತು, ಒಂದೇ ಅಕ್ಷರಗಳಲ್ಲಿ ಮುಗಿಯುವ ಪದಗಳನ್ನು ಒಟ್ಟಿಗೆ ಬರೆದುಕೊಟ್ಟೆ: ಅಪೆಂಡಿಸೈಟಿಸ್, ಟಾನ್ಸಿಲೈಟಿಸ್, ಗ್ಯಾಸ್ಟ್ರೈಟಿಸ್, ಆರ್ಥ್ರೈಟಿಸ್. ಕೊನೆಗೆ 'ಐಟಿಸ್' ಇದ್ದರೆ ಅಲ್ಲಿ ಉರಿಯೂತ, ಅಂದರೆ ಬಾವು ಎಂದೆ.

ಅಕ್ಕ ಹಾಳೆಯನ್ನು ದಿಟ್ಟಿಸಿದಳು. "ಇದು ಇವರ ಅಡ್ಡಹೆಸರು ಅನ್ರಿ. ಮೊದ್ಲೇ ಹೇಳಬಾರದೇನ್ರಿ? ನಮ್ಮೂರಾಗ ಅಡ್ಡಹೆಸರಿನ ಮ್ಯಾಲೇ ಮಂದಿ ಗುರ್ತ ಹಿಡಿತೀವಿ. ಐಟಿಸ್ ಮನಿತನದವ್ರು ಎಲ್ಲಾ ಬಾತವ್ರು."

ಇಷ್ಟು ವರ್ಷ ಆ ಪದಗಳನ್ನು ಬರೆದು ಬರೆದು ಬೆರಳು ಸವೆಸಿದವನು ನಾನು. ನನಗೆ ಹೊಳೆಯದ ದಾರಿ ಇವಳಿಗೆ ಬಕೆಟ್ ಕೆಳಗಿಡುವಷ್ಟರಲ್ಲಿ ಹೊಳೆಯಿತು. ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ. ಮರುದಿನ ಸ್ವಲ್ಪ ಕಷ್ಟದ್ದನ್ನೇ ಕೊಟ್ಟೆ. 'ಎಕ್ಟಮಿ' ಅಂದರೆ ಕೊಯ್ದು ತೆಗೆಯುವುದು. ಅಪೆಂಡಿಸೈಟಿಸ್ ಜೋರಾದರೆ ಅಪೆಂಡೆಕ್ಟಮಿ ಮಾಡುತ್ತಾರೆ ಎಂದೆ.

"ತಿಳೀತ್ರಿ," ಅಂದಳು ಅಕ್ಕ. "ಎಕ್ಟಮಿಯವ್ರು ಐಟಿಸ್‌ನವ್ರಿಗೆ ಬೀಗರು. ಬಂದ್ರಂದ್ರ ಏನರೆ ತಗೊಂಡೇ ಹೋಗ್ತಾರ."

ಮುದುಕಿಯ ಕುರ್ಚಿ

ಒಂದು ಭಾನುವಾರ ಕೆಂಪು ಬಾಳೆಹಣ್ಣು ತರಲು ಕಮಲಾಪುರಕ್ಕೆ ಹೋಗಿದ್ದೆ. ಅಕ್ಕನ ಓಣಿಯಲ್ಲಿ ಕಾಲಿಟ್ಟರೆ ಕಟ್ಟೆಯ ಮೇಲೆ ಐದಾರು ಹೆಂಗಸರು ಕುಳಿತು ತೊಗರಿಬೇಳೆ ಹಸನು ಮಾಡುತ್ತ ಅಪೆಂಡಿಸೈಟಿಸ್, ಟಾನ್ಸಿಲೈಟಿಸ್ ಎನ್ನುತ್ತಿದ್ದಾರೆ. ಅಕ್ಕ ತಾನು ಕಲಿತದ್ದನ್ನು ಸಂಜೆಯೇ ಓಣಿಗೆ ಒಪ್ಪಿಸಿ ಪಕ್ಕಾ ಮಾಡಿಕೊಳ್ಳುತ್ತಿದ್ದಳಂತೆ.

ಪಕ್ಕದ ಮನೆಯ ಮುದುಕಿಯೊಬ್ಬಳು ಹೊಸ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ನನಗೆ ಕೈ ಮುಗಿದಳು.

"ನೀವೇ ಏನ್ರೀ ಮಾಸ್ತರ್ರು? ನಿಮ್ಮಿಂದ ಭಾಳ ಉಪಕಾರ ಆಗ್ಯಾದ. ಮೊಣಕಾಲು ಬ್ಯಾನಿ ಅಂತ ಎಷ್ಟು ಒದರಿದ್ರೂ ನಮ್ಮ ಸೊಸಿ ಹೊಳ್ಳಿ ನೋಡ್ತಿರಲಿಲ್ಲ. ಮೊನ್ನೆ ಆರ್ಥ್ರೈಟಿಸ್ ಅಂದೆ ನೋಡ್ರಿ, ಓಡಿಹೋಗಿ ಕುರ್ಚಿ ತಂದ್ಳು."

ಒಬ್ಬರನ್ನು ಕರೆದರೆ

ಸಂದರ್ಶನಕ್ಕೆ ಎರಡು ದಿನ ಇರುವಾಗ ನಾನೇ ಸಾಹೇಬನಾಗಿ ಕುಳಿತು ಪರೀಕ್ಷೆ ಮಾಡಿದೆ. "ಟಾನ್ಸಿಲೈಟಿಸ್ ಅಂದರೇನು?" ಎಂದೆ. ಗಂಟಲಿನಿಂದ ಶುರು ಮಾಡಿದ ಅಕ್ಕ ಹೊಟ್ಟೆ, ಕೀಲು, ಕರುಳು ಎಲ್ಲ ಸುತ್ತಿ ಬಂದಳು. ಕೈ ತೋರಿಸಿದರೂ ನಿಲ್ಲಲಿಲ್ಲ.

"ಅಕ್ಕಾ, ಕೇಳಿದ್ದು ಒಂದೇ ಪದ. ಒಬ್ಬೊಬ್ಬರಿಗೆ ಐದೇ ನಿಮಿಷ ಕೊಡ್ತಾರ. ಎಲ್ಲಾ ಯಾಕ ಹೇಳ್ತಿ?"

"ಒಂದು ಮನಿತನದಾಗ ಒಬ್ಬನ್ನ ಲಗ್ನಕ್ಕ ಕರದು ಉಳದ ಅಣ್ಣತಮ್ಮರನ್ನ ಬಿಟ್ರ ಸುಮ್ನಿರ್ತಾರೇನ್ರಿ? ಮುಂದ ಬೇಕಾದಾಗ ಒಬ್ಬೊಬ್ರೇ ತಲಿಯಾಗಿಂದ ಎದ್ದು ಹೋಗ್ತಾರ. ಕರದ್ರ ಎಲ್ಲಾರ್ನೂ ಕರಿಬೇಕು."

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅಕ್ಕ ಕಲಿಯಲಿಲ್ಲವೆಂದಲ್ಲ, ಕಲಿತದ್ದು ಹೆಚ್ಚಾಯಿತೆಂದು. ಕುರ್ಚಿ ಕೈತಪ್ಪೀತೆಂದು ಹೆದರಿ ನನ್ನ ಹೆಂಡತಿಗೆ ಹೇಳಿದರೆ ಅವಳು, "ಆಕಿ ಹೇಳಿದ್ದು ಖರೇ ಅದ. ನಿಮ್ಮ ತಂಗಿ ಮಗನ ಲಗ್ನದಾಗ ನಮ್ಮಣ್ಣನ್ನ ಬಿಟ್ಟಿದ್ರಿ," ಎಂದು ಹಳೆಯ ಕಡತ ತೆಗೆದಳು.

ಪಟ್ಟಿಯಲ್ಲಿಲ್ಲದ ಪದ

ಸಂದರ್ಶನದ ದಿನ ಹೊರಗೆ ಪದವಿ ಮುಗಿಸಿದ ಎಂಟು ಮಂದಿ ಕಾಯುತ್ತಿದ್ದರು. ಕಡತ ಹಿಡಿಯುವ ನೆಪದಲ್ಲಿ ನಾನು ಒಳಗೆ ನಿಂತಿದ್ದೆ. ಅಕ್ಕ ಪಡಸಾಲೆ ಒರೆಸಿ, ಕೈ ತೊಳೆದು ನೇರ ಒಳಗೆ ಬಂದಳು.

ಆಡಳಿತದ ಸಾಹೇಬರು ಗ್ಯಾಸ್ಟ್ರೈಟಿಸ್ ಕೇಳಿದರು. ನಾನು ಹೆದರಿದ್ದೇ ಆಯಿತು. ಅಕ್ಕ ಇಡೀ ಮನೆತನವನ್ನು ಕರೆತಂದಳು. ಸಾಹೇಬರು ಗಡಿಯಾರ ನೋಡಿದರು, ಕಾಲರಿನೊಳಗೆ ಬೆರಳು ಹಾಕಿ ಕುತ್ತಿಗೆ ಕೆರೆದುಕೊಂಡರು, ಮುಖ ಗಂಟಿಕ್ಕಿದರು.

"ಬಾಯಿಪಾಠ ಮಾಡ್ಕೊಂಡು ಬಂದೀರಿ. ಇದನ್ನ ಹೇಳ್ರಿ ನೋಡೋಣ. ಡರ್ಮಟೈಟಿಸ್."

ಆ ಪದವನ್ನು ನಾನು ಕಲಿಸಿರಲೇ ಇಲ್ಲ. ತಪ್ಪು ನನ್ನದು, ಕುರ್ಚಿ ಹೋಗುವುದು ಅವಳದು.

ಅಕ್ಕ ಬಾಯೊಳಗೇ ಒಮ್ಮೆ ಆ ಪದ ಹೇಳಿಕೊಂಡಳು. "ಇವರ ಪರಿಚಯ ಇಲ್ರೀ. ಆದ್ರ ಅಡ್ಡಹೆಸರು ಐಟಿಸ್ ಅಂದ್ರ ಏನೋ ಬಾತದ. ಇನ್ನ ತವರುಮನಿ ಯಾವುದು? ಹದಿನಾಲ್ಕನೇ ಖೋಲಿ ಮ್ಯಾಲ ಡರ್ಮಟಾಲಜಿ ಅಂತ ಫಲಕ ಅದ. ದಿನಾ ಆ ಹೊಸ್ತಿಲ ಒರಸ್ತೀನಿ. ಅಲ್ಲಿ ಕುಂತವ್ರೆಲ್ಲಾ ಮೈ ಕೆರ್ಕೋತ ಕುಂತಿರ್ತಾರ. ಅಂದ್ರ ಇದು ಚರ್ಮದ ಬಾವು ಸಾಹೇಬ್ರ. ನಿಮ್ಮ ಕುತ್ತಿಗಿಗೆ ಆಗ್ಯಾದಲ್ಲ, ಹಂಗ."

ಸಾಹೇಬರ ಬೆರಳು ಕಾಲರಿನೊಳಗೇ ನಿಂತಿತು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು, ಆದರೆ ಕೈತುಂಬ ಕಡತಗಳಿದ್ದವು. ಕಲಿಸಿದವನಿಗಿಂತ ಮುಂದೆ ಹೋದವಳನ್ನು ನೋಡುವ ಸಂತೋಷ ಅಂದು ನನಗೆ ಸಿಕ್ಕಿತು.

ಸಾಹೇಬರು ದನಿ ತಗ್ಗಿಸಿ, "ಒಂದು ವಾರ ಆಯ್ತು. ಏನ್ ಹಚ್ಚಬೇಕು ಇದಕ್ಕ?" ಎಂದರು.

"ಅದು ಡಾಕ್ಟ್ರ ಕೆಲಸರಿ. ಕೌಂಟರ್‌ನವ್ರ ಕೆಲಸ ಖೋಲಿ ತೋರ್ಸೂದು. ಒಂದು ಗಂಟಿಗೆ ಡಾಕ್ಟ್ರು ಎದ್ದು ಹೋಗ್ತಾರ, ಲಗೂನ ಏಳ್ರಿ."

ಸಾಹೇಬರು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಆಯ್ಕೆಯ ಗುರುತು ಹಾಕಿ ಎದ್ದರು. ಅದನ್ನು ನಾನು ನೋಡಿದೆ; ಅಕ್ಕ ನೋಡಲಿಲ್ಲ, ಆಗಲೇ ಬಾಗಿಲು ದಾಟಿದ್ದಳು. ಹೊರಗಿನ ಎಂಟೂ ಮಂದಿ ಬೆಪ್ಪಾಗಿ ಎದ್ದು ನಿಂತರು. ಮುಂದೆ ಅಕ್ಕ, ಹಿಂದೆ ಸಾಹೇಬರು. ಪಡಸಾಲೆಯ ನಡುವೆ ಅವಳು ತಿರುಗಿ ನಿಂತಳು.

"ನೆಲ ಹಸಿ ಅದ ಸಾಹೇಬ್ರ, ಹಗೂರ್ಕ ಬರ್ರಿ. ಇವತ್ತಿಂದು ನಾನೇ ಒರಸೀನಿ. ನಾಳಿಗೆ ಬ್ಯಾರೆ ಯಾರನ್ನರೆ ನೋಡ್ಕೋರಿ."