ನಾನು ಮುಗಿಸದ ಸಿನಿಮಾ

ಸಿನಿಮಾ ತೆಗೆಯುತ್ತೇನೆಂದು ಹೊರಟವನನ್ನು ನಗೆಪಾಟಲು ಹುಡುಕಿಕೊಂಡೇ ಬರುತ್ತದೆ. ಕಥೆ, ನಿರ್ದೇಶನ, ನಿರ್ಮಾಣ ಮೂರೂ ನನ್ನವೇ ಆಗಿದ್ದರಿಂದ ನನಗೆ ಮೂರು ಪಾಲು ಬಂತು. ಸೇಡಂನಲ್ಲಿ ಹೊಲ ಮನೆ ನೋಡಿಕೊಂಡು ಇರಬೇಕಾದವನು ಮುಂಬಯಿಯಿಂದ ಒಬ್ಬ ಕ್ಯಾಮೆರಾದವನನ್ನು ಕರೆಸಿದೆ. ಚಿತ್ರ ಮುಗಿಯಲಿಲ್ಲ. ಆದದ್ದಿಷ್ಟು.

ಡಂಗುರ

ಮೊದಲ ದಿನ ರಾವೂರಿನ ಕಲ್ಲುಗಣಿಯಲ್ಲಿ. ‘ನಾಳೆ ಶೂಟಿಂಗ್ ಅದ, ಎಲ್ಲಾರೂ ಬರ್ರಿ’ ಎಂದು ಸಾರಲು ಡಂಗುರದವನಿಗೆ ಹೇಳಿದ್ದೆ. ಅವನು ಶೂಟಿಂಗ್ ಎಂಬ ಶಬ್ದದ ಅರ್ಥ ಯಾರನ್ನೋ ಕೇಳಿಕೊಂಡು ಸಾರಿಬಿಟ್ಟ: ‘ನಾಳೆ ಗುಂಡು ಹಾರಸ್ತಾರ, ಎಲ್ಲಾರೂ ಬರ್ರಿ!’

ಬೆಳಿಗ್ಗೆ ಹೋದರೆ ಊರಿಗೆ ಊರೇ ಖಾಲಿ. ನಿಜಾಮನ ರಾಜ್ಯಕ್ಕೆ ಸೈನ್ಯ ನುಗ್ಗಿ ಪೊಲೀಸ್ ಆ್ಯಕ್ಷನ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಬಂದೂಕಿನ ಸದ್ದು ಮರೆಯದ ಜನ, ನನಗಾದರೂ ತಿಳಿಯಬೇಕಿತ್ತು. ಒಂದೇ ಮನೆಯಲ್ಲಿ ಹೊಗೆ ಏಳುತ್ತಿತ್ತು. ಒಬ್ಬ ಮುದುಕಿ ಬಾಗಿಲಿಗೆ ಬಂದಳು. ಕ್ಯಾಮೆರಾ ನೋಡಿ ಅಂದಳು: ‘ಹೊಡಿಯೋದಿದ್ರ ಲಗೂನ ಹೊಡೀರಿ ಯಪ್ಪಾ, ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ.’

ಹೀರೋ ಹೋದದ್ದು

ಹೀರೋ ಚಿತ್ತಾಪುರದ ಒಬ್ಬ ಮಾಸ್ತರ. ಕೆಲಸ ಹುಡುಕಿಕೊಂಡು ಮುಂಬಯಿಗೆ ಹೊರಡುವ ದೃಶ್ಯ, ವಾಡಿ ಸ್ಟೇಷನ್ನಿನಲ್ಲಿ. ‘ನಾ ಸಾಕು ಅನ್ನೋತನಕ ನಿಲ್ಲಸಬ್ಯಾಡ್ರಿ’ ಅಂದಿದ್ದೆ. ಗಾಡಿ ಹತ್ತಿದ, ಕಿಟಕಿಯಲ್ಲಿ ಕೂತ, ಕೈ ಬೀಸಿದ. ಎಂಜಿನ್ನಿನ ಹೊಗೆ ಎಷ್ಟು ಚೆನ್ನಾಗಿ ಬಂತೆಂದರೆ ನಾನು ಬಾಯಿ ಬಿಡುವುದನ್ನೇ ಮರೆತೆ. ಗಾಡಿ ಹೋಯಿತು, ಹೀರೋನೂ ಹೋದ.

ಸಂಜೆ ಗುಲ್ಬರ್ಗದಿಂದ ತಿರುಗಿ ಬಂದವನಿಗೆ ಎಲ್ಲರೆದುರು ಬೈದೆ: ‘ತಲಿ ಅದ ಏನ್ರಿ ನಿಮಗ? ಯಾಕ ಇಳೀಲಿಲ್ಲ?’

‘ನೀವು ಸಾಕು ಅನ್ನಲೇ ಇಲ್ಲಲ್ರಿ.’

ಮರುದಿನದಿಂದ ಅವನು ಬರಲಿಲ್ಲ. ಆಮೇಲೆ ಚಿತ್ತಾಪುರದಲ್ಲಿ ಎಷ್ಟೋ ಸಲ ಎದುರಾದ. ತಪ್ಪಾಯಿತು ಅನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಕಥೆ ನನ್ನದೇ ಅಲ್ಲವೇ? ಮುಂಬಯಿಗೆ ಹೋದ ಹೀರೋ ತಿರುಗಿ ಬರಲೇ ಇಲ್ಲ ಎಂದು ತಿದ್ದಿದೆ.

ಇನ್ನೊಮ್ಮೆ

ನಾಟಕ ಕಂಪನಿಯಿಂದ ಶಹಾಬಾದಿಗೆ ಬಂದಿದ್ದ ನಟಿ ಇದನ್ನು ಕೇಳಿ, ‘ಹೀರೋನೇ ಇಲ್ಲಂದ್ರ ನಾ ಯಾರ ಕೂಡ ಹಾಡ್ಲಿ?’ ಎಂದು ಎದ್ದು ಹೋದಳು. ಬೇರೆ ದಾರಿ ಕಾಣದೆ ಹೀರೋನ ಹೆಂಡತಿಯ ಪಾತ್ರಕ್ಕೆ ನನ್ನ ಹೆಂಡತಿಯನ್ನೇ ನಮ್ಮ ಮನೆಯ ಹೊಸ್ತಿಲಲ್ಲಿ ನಿಲ್ಲಿಸಿದೆ. ಊರು ಬಿಡುವ ಗಂಡನಿಗೆ ಆಕೆ ಅನ್ನಬೇಕಾದ ಮಾತು ಒಂದೇ: ‘ಇವತ್ತೊಂದ್ ದಿನ ಮನ್ಯಾಗ ಇರ್ರಿ.’

ಅಂದಳು. ‘ಇನ್ನೊಮ್ಮೆ’ ಅಂದೆ. ಮತ್ತೆ ಅಂದಳು. ‘ಇನ್ನೊಮ್ಮೆ. ಮನಸಿನಿಂದ ಅನ್ನು.’ ಏಳು ಸಲ ಆಯಿತು. ಎಂಟನೆಯ ಸಲ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು ನನ್ನ ಕಡೆ ಹೊರಳಿದಳು.

‘ಲಗ್ನ ಆದಾಗಿಂದ ಇದೇ ಮಾತು ಅನ್ನಾಕತ್ತೀನಿ. ಒಂದ್ ಸಲನಾದ್ರೂ ಕೇಳೀರೇನು? ಇವತ್ತ ಮಷೀನ್ ಬಂದದ ಅಂತ ಇನ್ನೊಮ್ಮೆ, ಇನ್ನೊಮ್ಮೆ ಅಂತೀರಿ!’

ಆಕೆಯ ಕಣ್ಣು ತುಂಬಿದ್ದವು. ಅಂಗಳದಲ್ಲಿ ನೆರೆದವರೆಲ್ಲ ಗೊಳ್ಳೆಂದು ನಕ್ಕರು. ನಾನು ಹತ್ತಿರ ಹೋಗಬೇಕಿತ್ತು, ಹೋಗಲಿಲ್ಲ. ಹೊರಳಿ ಕ್ಯಾಮೆರಾದವನ ಮುಖ ನೋಡಿದೆ.

ಅವನಿಗೆ ಕನ್ನಡದ ಒಂದಕ್ಷರವೂ ಬಾರದು. ಖುಷಿಯಿಂದ ತಲೆ ಎತ್ತಿ ಅಂದ:

‘ವಾಹ್ ಸಾಬ್! ಕ್ಯಾ ಆ್ಯಕ್ಟಿಂಗ್ ಹೈ!’